ಬೋಂಡ ಕಚ್ಚಿದ್ದು ಇಬ್ಬರನ್ನು

ಬಾಗಿಲು ತೆಗೆದ ಯಶೋದ ಹೊಸ್ತಿಲಲ್ಲೇ ನಿಂತುಬಿಟ್ಟಳು. ಅಂಗಳದಲ್ಲಿ ಹೆಗಲಿಗೆ ಕಂಬಳಿ ಹಾಕಿಕೊಂಡ ಗಂಡಸೊಬ್ಬ ನಿಂತಿದ್ದ. ಅವನ ಕಂಕುಳಲ್ಲಿ ಅವಳ ನಾಯಿಮರಿ ಕಾಲು ಜಾಡಿಸುತ್ತಿತ್ತು.

“ರೀ, ಯಾರ್ರೀ ನೀವು? ನಮ್ಮ ಬೋಂಡನ್ನ ಕೆಳಗೆ ಬಿಡ್ರೀ!”

“ಬೋಂಡನಾ?” ಅವನು ಮರಿಯ ಮುಖ ನೋಡಿದ, ಆಮೇಲೆ ಅವಳ ಮುಖ ನೋಡಿದ. “ಇದು ನಮ್ ಹಟ್ಟಿ ಮರಿ ಕಣಮ್ಮ. ಕಾಣೆಯಾಗಿ ಮೂರು ದಿನ ಆತು. ಕೆರೆ ಅಂಗಳವೆಲ್ಲ ಹುಡುಕಿ ಸಾಕಾಗೈತೆ. ನೀವು ನೋಡಿದ್ರೆ ಆರಾಮಾಗಿ ಕಟ್ಟಾಕ್ಕಂಡು ಕುಂತಿದ್ದೀರ.”

“ಇದು ನನ್ನ ಹತ್ರ ಬಂದು ಹನ್ನೆರಡು ದಿನ ಆಯ್ತು.”

“ಕದ್ದೋರೆಲ್ಲ ಹಂಗೇ ಹೇಳೋದು.”

ಯಶೋದಳ ಕಿವಿ ಬಿಸಿಯಾಯಿತು. ಕದ್ದೋರು! ಮದಲೂರಿನ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿಯಾಗಿ ಬಂದು ಆರು ತಿಂಗಳಾಗಿತ್ತು. ಅವಳಿಗೆ ಯಾರೂ ಒಂದು ಕೆಟ್ಟ ಮಾತು ಆಡಿರಲಿಲ್ಲ. ಮಳೆಯಲ್ಲಿ ನೆನೆದು ಗ್ರಂಥಾಲಯದ ಪಕ್ಕದ ಚರಂಡಿಯಲ್ಲಿ ನಡುಗುತ್ತಿದ್ದ ಮರಿಯನ್ನು ಎತ್ತಿಕೊಂಡು ಬಂದಿದ್ದೇ ಅವಳು ಮಾಡಿದ ತಪ್ಪು. ಎರಡು ದಿನ ಇಟ್ಟುಕೊಂಡು ಯಾರಿಗಾದರೂ ಕೊಟ್ಟರಾಯಿತು ಅಂದುಕೊಂಡಿದ್ದಳು.

ಆ ಎರಡು ದಿನದಲ್ಲೇ ಬೋಂಡ ಅವಳ ಎಡಗಾಲಿನ ಚಪ್ಪಲಿಯನ್ನು ತಿಂದು ಮುಗಿಸಿದ್ದ. ಗ್ರಂಥಾಲಯಕ್ಕೆ ಕರೆದುಕೊಂಡು ಹೋದರೆ, ಊರಿನ ಹಿರಿಯರು ಪೇಪರ್ ಓದಲು ಬರುವ ಮೊದಲೇ ಅವತ್ತಿನ ಪೇಪರ್ ಮೇಲೆ ಉಚ್ಚೆ ಹೊಯ್ದಿದ್ದ. ಸ್ಪರ್ಧಾತ್ಮಕ ಪರೀಕ್ಷೆಯ ಗೈಡ್ ಒಂದರ ಅರ್ಧ ಭೂಗೋಳ ಅವನ ಹೊಟ್ಟೆ ಸೇರಿತ್ತು. “ಇದನ್ನ ಆಚೆ ಬುಡು, ಇಲ್ಲಾಂದ್ರೆ ನೀನೇ ಮನೆ ಖಾಲಿ ಮಾಡು” ಎಂದು ಬಾಡಿಗೆ ಮನೆಯ ಒಡತಿ ಕೊಲ್ಲಾಪುರಮ್ಮ ಗದರಿದ್ದೂ ಆಯಿತು. ಆದರೆ ಸಂಜೆ ಬೀಗ ತೆಗೆದ ಕೂಡಲೇ ಬಾಲದ ಜೊತೆಗೆ ಅರ್ಧ ಮೈಯನ್ನೇ ಅಲ್ಲಾಡಿಸುತ್ತಾ, ಉರುಳಿಕೊಂಡು ಬಂದು ಅವಳ ಪಾದದ ಮೇಲೆ ಬೀಳುತ್ತಿದ್ದ. ಅವಳ ಬರವಿಗಾಗಿ ಹಾಗೆ ಕಾಯುವ ಜೀವ ಆ ಊರಿನಲ್ಲಿ ಇನ್ನೊಂದಿರಲಿಲ್ಲ.

“ಕೊಡ್ರೀ ಇಲ್ಲಿ!” ಯಶೋದ ನುಗ್ಗಿ ಮರಿಯ ಮುಂಗಾಲು ಹಿಡಿದಳು. ಅವನು ಬಿಡಲಿಲ್ಲ. ಎರಡು ಕಡೆಯಿಂದ ಎಳೆದಾಟ ಶುರುವಾದ ಕೂಡಲೇ ಬೋಂಡ ಮೊದಲು ಅವನ ಮಣಿಕಟ್ಟಿಗೆ, ಮರುಕ್ಷಣ ಅವಳ ಹೆಬ್ಬೆರಳಿಗೆ ಬಾಯಿ ಹಾಕಿದ. ಸೂಜಿಯಂಥ ಹಾಲುಹಲ್ಲು. ಇಬ್ಬರ ಕೈಯಲ್ಲೂ ರಕ್ತ.

“ಅಯ್ಯೋ ದೇವುಡಾ!” ಯಶೋದ ಕಿರುಚಿದಳು.

ಕೊಲ್ಲಾಪುರಮ್ಮ ಓಡಿ ಬಂದರು. “ಸುಣ್ಣ, ಅರಿಶಿನ ಮೆತ್ತಿ. ನಂಜೆಲ್ಲಾ ಎಳ್ಕಂತದೆ.”

“ಏನೂ ಮೆತ್ತಬಾರದು ಅಜ್ಜಿ!” ಯಶೋದ ಅವನ ಮಣಿಕಟ್ಟು ಹಿಡಿದು ದರದರ ನಲ್ಲಿಯ ಹತ್ತಿರ ಎಳೆದುಕೊಂಡು ಹೋದಳು. “ಸೋಪು ಹಾಕಿ ಕಾಲು ಗಂಟೆ ತೊಳೀಬೇಕು. ಅಲ್ಲಾಡಬೇಡಿ.”

ಅವಳು ನೊರೆ ತಿಕ್ಕುತ್ತಿದ್ದರೆ ಅವನು ತನ್ನ ಕೈಯನ್ನು ಬೇರೆ ಯಾರದೋ ಕೈ ಎಂಬಂತೆ ನೋಡುತ್ತಾ ನಿಂತಿದ್ದ.

ಅವನ ಹಳೆಯ ಮೊಪೆಡ್ಡಿನಲ್ಲೇ ಇಬ್ಬರೂ ಸಿರಾ ಆಸ್ಪತ್ರೆಗೆ ಹೋದರು. ಚೀಟಿ ಬರೆಸುವಾಗ ಅವನ ಹೆಸರು ಭೀಮರಾಜು, ಊರು ಹುಲಿಕುಂಟೆ ಎಂದು ಗೊತ್ತಾಯಿತು. ಗಾಯದ ಸುತ್ತ ಒಂದಷ್ಟು ಮದ್ದು, ಎರಡೂ ತೋಳಿಗೆ ಒಂದೊಂದು ಸೂಜಿ. ನರ್ಸ್ ಕೊಟ್ಟ ಕಾರ್ಡಿನಲ್ಲಿ ಇನ್ನೂ ಮೂರು ತಾರೀಖುಗಳಿದ್ದವು. ಮೂರನೇ ದಿನ, ಏಳನೇ ದಿನ, ಇಪ್ಪತ್ತೆಂಟನೇ ದಿನ.

“ಮರಿಯನ್ನ ಹತ್ತು ದಿನ ಒಂದೇ ಕಡೆ ಕಟ್ಟಿ ನೋಡ್ಕೊಳ್ಳಿ” ಎಂದರು ಡಾಕ್ಟರು. “ಊಟ ಬಿಟ್ಟರೆ, ಜೊಲ್ಲು ಸುರಿಸಿದರೆ ಮುಟ್ಟಬೇಡಿ. ತಕ್ಷಣ ತಿಳಿಸಿ.”

ಹೊರಗೆ ಬಂದ ಮೇಲೆ ಭೀಮರಾಜು ತಲೆ ಕೆರೆದುಕೊಂಡ. “ಹತ್ತು ದಿನ ನಿಮ್ಮತ್ರನೇ ಇರ್ಲಿ ಮೇಡಂ. ಆದ್ರೆ ನಾನು ದಿನಾ ಬಂದು ನೋಡ್ತೀನಿ. ನಮ್ ಮರಿ ಅಲ್ವಾ?”

“ಬಂದು ನೋಡಿ. ಕಳ್ಳಿ ಮನೆ ಅನ್ನೋದು ನೆನಪಿರಲಿ.”

ಅವನು ನಾಲಿಗೆ ಕಚ್ಚಿಕೊಂಡ. ಅವಳು ನಗು ತಡೆದುಕೊಂಡಳು.

ದಿನಾ ಬೆಳಿಗ್ಗೆ ಎಂಟಕ್ಕೆ ಮೊಪೆಡ್ಡಿನ ಸದ್ದು ಕೇಳತೊಡಗಿತು. ಕೆರೆ ಅಂಗಳದಲ್ಲಿ ಬೀಡುಬಿಟ್ಟಿದ್ದ ಕುರಿಗಳನ್ನು ಅಣ್ಣನ ವಶಕ್ಕೆ ಬಿಟ್ಟು ಬರುತ್ತಿದ್ದ. ಬಂದವನು ಬೋಂಡನನ್ನು ನೋಡುತ್ತಿದ್ದುದು ಎರಡು ನಿಮಿಷ. ಉಳಿದ ಹೊತ್ತೆಲ್ಲ ಜಗಲಿಯ ಮೇಲೆ ಕುಳಿತು ಯಶೋದ ಕೊಟ್ಟ ಕಾಫಿಯನ್ನು ಊದಿ ಊದಿ ಕುಡಿಯುತ್ತಿದ್ದ. ಮೂರನೇ ದಿನ ಸೂಜಿ ಚುಚ್ಚುವಾಗ ಯಶೋದ ಮತ್ತೆ “ದೇವುಡಾ” ಎಂದಳು.

“ನಿಮ್ಗೆ ಭಯ ಆದ್ರೆ ತೆಲುಗು ಬತ್ತದಲ್ಲ” ಎಂದು ಅವನು ನಕ್ಕ. “ಕೋಪ ಬಂದ್ರೆ ಯಾವ ಭಾಷೆ?”

“ಕೋಪ ಬಂದ್ರೆ ಮಾತೇ ಆಡಲ್ಲ.”

“ಅದೇ ಕಷ್ಟ” ಎಂದು ಅವನು ಮೆಲ್ಲಗೆ ಅಂದದ್ದು ಅವಳ ಕಿವಿಗೆ ಬಿತ್ತು. ಅವಳು ಕೇಳಿಸದವಳಂತೆ ತೋಳು ಉಜ್ಜಿಕೊಂಡಳು.

ಏಳನೇ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಅವನು ಕೇಳಿದ. “ಒಂದು ಕೇಳ್ತೀನಿ, ತಪ್ಪು ತಿಳ್ಕಬ್ಯಾಡಿ. ನನ್ ಹತ್ರ ಕುರಿ ವಾಸ್ನೆ ಬರಲ್ವಾ?”

“ಬರುತ್ತೆ.”

ಅವನು ಇಷ್ಟಗಲ ಜಾಗ ಬಿಟ್ಟು ಸರಿದು ಕುಳಿತ.

“ಸರೀಬೇಡಿ. ನಮ್ಮನೇಲಿ ಆ ವಾಸನೆ ಹೋಗಿ ಎಂಟು ವರ್ಷ ಆಯ್ತು” ಎಂದಳು ಯಶೋದ. ಅವಳ ಊರು ಪಾವಗಡದ ಕಡೆಯ ಬಲಸಮುದ್ರ. ಸೋಲಾರ್ ಫಲಕಗಳು ಬಂದ ಮೇಲೆ ಮೇಯಿಸುವ ಜಾಗ ಕಡಿಮೆಯಾಗಿ, ಅಪ್ಪ ಬೋರಣ್ಣ ನೂರು ಕುರಿಗಳನ್ನು ಒಂದೇ ದಿನ ಮಾರಿಬಿಟ್ಟಿದ್ದರು. ಕುರಿ ಲಾರಿ ಹತ್ತಿದ ಮೇಲೂ ಹಟ್ಟಿಯ ನಾಯಿ ಖಾಲಿ ಕುರಿರೊಪ್ಪದ ಬಾಗಿಲಲ್ಲೇ ವಾರಗಟ್ಟಲೆ ಕಾವಲು ಕೂತಿತ್ತು. “ಅಪ್ಪ ಅವತ್ತೇ ಹೇಳಿಬಿಟ್ರು. ನನ್ನ ಮಗಳನ್ನ ಕುರಿ ಹಿಂದೆ ಹೋಗೋ ಮನೆಗೆ ಮಾತ್ರ ಕೊಡಲ್ಲ ಅಂತ.”

ಭೀಮರಾಜು ತನ್ನ ಕಾರ್ಡನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ.

ಒಂಬತ್ತನೇ ದಿನ ಮಧ್ಯಾಹ್ನ ಊಟಕ್ಕೆಂದು ಮನೆಗೆ ಬಂದ ಯಶೋದ ಬಾಗಿಲಲ್ಲೇ ಕಲ್ಲಾದಳು. ಬೋಂಡ ಎದ್ದು ಬರಲಿಲ್ಲ. ಮೂಲೆಯಲ್ಲಿ ತಲೆ ಬಗ್ಗಿಸಿ ನಿಂತಿದ್ದ. ಬಾಯಿ ಅರ್ಧ ತೆರೆದಿತ್ತು. ದವಡೆಯಿಂದ ಜೊಲ್ಲು ದಾರದಂತೆ ನೆಲಕ್ಕೆ ಇಳಿಯುತ್ತಿತ್ತು. ತಟ್ಟೆಯಲ್ಲಿ ಹಾಲನ್ನ ಹಾಗೇ ಇತ್ತು.

ಅವಳು ಫೋನ್ ಮಾಡಿದಳು. “ಭೀಮರಾಜು... ಬೋಂಡ... ಜೊಲ್ಲು...” ಅಷ್ಟೇ.

ಹತ್ತು ನಿಮಿಷದಲ್ಲಿ ಅವನು ಬಂದ. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಮರಿಯನ್ನು ನೋಡಿ ಅವನ ಮುಖದ ರಕ್ತವೆಲ್ಲ ಇಳಿದುಹೋಯಿತು.

“ಮುಟ್ಟಬ್ಯಾಡಿ ಮೇಡಂ. ಹಿಂದಕ್ಕೆ ಬನ್ನಿ.”

ಮರಿ ಬಾಯಿಯನ್ನು ಮುಂಗಾಲಿನಿಂದ ಕೆರೆದುಕೊಂಡು ಮುಲುಗಿತು. ಯಶೋದ ತಾನಾಗಿಯೇ ಒಂದು ಹೆಜ್ಜೆ ಮುಂದಿಟ್ಟಳು. ಭೀಮರಾಜು ಅವಳ ರಟ್ಟೆ ಹಿಡಿದು ನಿಲ್ಲಿಸಿದ. ಒಳಗೆ ಚಿಲಕ ಹಾಕಿಕೊಂಡ ಕೊಲ್ಲಾಪುರಮ್ಮ ಕಿಟಕಿಯಿಂದ ದೇವರನ್ನೆಲ್ಲ ಕರೆಯುತ್ತಿದ್ದರು.

ಭೀಮರಾಜು ಫೋನ್ ಮಾಡಿ ಕರೆದ ಪಶು ಆಸ್ಪತ್ರೆಯ ಡಾಕ್ಟರ್ ಸಿದ್ದಗಂಗಯ್ಯ ಬರುವವರೆಗೆ ಇಬ್ಬರೂ ಅಂಗಳದಲ್ಲಿ ನಿಂತೇ ಇದ್ದರು. ಮೊಣಕೈವರೆಗೆ ದಪ್ಪ ಕೈಗವಸು ಹಾಕಿಕೊಂಡು ಒಳಗೆ ಹೋದ ಡಾಕ್ಟರು ಬಟ್ಟೆಯಲ್ಲಿ ಮರಿಯನ್ನು ಸುತ್ತಿ, ಟಾರ್ಚ್ ಬಿಟ್ಟು, ಇಕ್ಕಳ ಹಾಕಿ ಏನನ್ನೋ ಎಳೆದರು. ಬೋಂಡ ಒಮ್ಮೆ ಕುಂಯ್ ಎಂದ. ಆಮೇಲೆ ನೇರ ತಟ್ಟೆಗೆ ಹೋಗಿ ಹಾಲನ್ನ ನೆಕ್ಕತೊಡಗಿದ.

“ಹುಚ್ಚೂ ಇಲ್ಲ, ಗಿಚ್ಚೂ ಇಲ್ಲ” ಎಂದು ಡಾಕ್ಟರು ಇಕ್ಕಳ ತೋರಿಸಿದರು. “ಅಂಗುಳಿಗೆ ಅಡ್ಡವಾಗಿ ಮೂಳೆ ಚೂರು ಸಿಕ್ಕಿಕೊಂಡಿತ್ತು. ಇಷ್ಟು ಎಳೇ ಮರಿಗೆ ಮೂಳೆ ಯಾರ್ರೀ ಹಾಕಿದ್ದು?”

ಯಶೋದ ಗೋಡೆಗೆ ಒರಗಿ ಕುಳಿತು ಅತ್ತಳು. ಡಾಕ್ಟರು ಲಸಿಕೆಯ ದಿನ ಬರೆದುಕೊಟ್ಟು ಹೋದ ಮೇಲೆ ತಲೆ ಎತ್ತಿದರೆ ಭೀಮರಾಜುವೂ ಕಂಬಳಿಯ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಿದ್ದ.

“ಮೂಳೆ ಹಾಕಿದ್ದು ನಾನೇ ಮೇಡಂ. ಬೆಳಿಗ್ಗೆ, ನೀವು ಒಳಗೆ ಕಾಫಿ ಮಾಡ್ತಿದ್ರಲ್ಲ, ಆಗ.”

“ನೀವಾ?” ಅವಳು ಎದ್ದು ನಿಂತಳು. “ನಾಯಿ ಜೊತೆಗೇ ಬೆಳೆದವರು! ಅಷ್ಟೂ ಗೊತ್ತಾಗಲ್ವಾ?”

“ಅದಕ್ಕೆ ನನ್ನ ಕಂಡ್ರೆ ಆಗಕಿಲ್ಲ. ನಾನು ಬಂದ್ರೆ ಬೊಗಳ್ತದೆ. ಒಸಿ ಒಲಿಸ್ಕಳಾನ ಅಂತ ತಂದೆ. ನಾಳೆಗೆ ಹತ್ತು ದಿನ ಮುಗೀತದೆ, ಆಮೇಲೆ ಯಾವ ನೆಪ ಹೇಳ್ಕಂಡು ಬರ್ಲಿ?”

“ನೆಪ ಯಾಕೆ? ನಿಮ್ಮ ಮರಿ, ನೀವು ತಗೊಂಡು ಹೋಗ್ತೀರಿ.”

ಅವನು ನೆಲ ನೋಡಿದ. “ಇದು ನಮ್ ಮರಿ ಅಲ್ಲ.”

“ಏನು?”

“ನಮ್ದು ಇದು ಕಚ್ಚಿದ ದಿನ ಸಾಯಂಕಾಲನೇ ಸಿಕ್ಬುಡ್ತು. ಬೇಲಿ ಮಗ್ಗುಲಲ್ಲಿ ಮಲಗಿತ್ತು. ಹಣೆ ಮ್ಯಾಲೆ ಇಷ್ಟಗಲ ಬಿಳಿ ಮಚ್ಚೆ. ಇದ್ಕೆ ಮಚ್ಚೇನೇ ಇಲ್ಲ.”

ಒಂಬತ್ತು ದಿನ! ಮರಿಯ ಕಣ್ಣು ನೋಡಿ, ಕಿವಿ ನೋಡಿ, ‘ನಮ್ ಮರಿ ಸೊರಗೈತೆ’ ಎಂದು ಮುಖ ಗಂಟಿಕ್ಕಿಕೊಂಡು ಕಾಫಿ ಕುಡಿದದ್ದೆಲ್ಲ...

“ಸುಳ್ಳು ಹೇಳಿದ್ರಾ ನಂಗೆ?”

“ಹೇಳ್ದೆ. ನೀವು ನಲ್ಲಿ ಕೆಳಗೆ ನನ್ ಕೈ ಹಿಡ್ಕಂಡು ತೊಳದ್ರಲ್ಲ, ಅವತ್ತಿಂದ ತಲೆ ನೆಟ್ಟಗಿಲ್ಲ ನಂಗೆ. ನಿಮ್ಮಪ್ಪಾರ ಮಾತು ಕೇಳಿದ ಮೇಲೂ ಕಾಲು ನಿಲ್ಲಲಿಲ್ಲ. ಬೈರಿ ಮೇಡಂ. ಒಂದು ಮಾತಾದ್ರೂ ಬೈರಿ.”

ಅವಳು ಬೈಯಲಿಲ್ಲ. ಮಾತೇ ಆಡದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮಾರನೆಯ ದಿನ ಎಂಟಕ್ಕೆ ಮೊಪೆಡ್ಡಿನ ಸದ್ದು ಕೇಳಲಿಲ್ಲ. ಕುರಿಗಳು ಹುಲಿಕುಂಟೆಗೆ ಹೊರಟುಹೋದವು ಎಂದು ಕೊಲ್ಲಾಪುರಮ್ಮ ಹೇಳಿದರು. ಬೋಂಡ ಮಾತ್ರ ಎಂಟಾದ ಕೂಡಲೇ ಗೇಟಿನ ಹತ್ತಿರ ಹೋಗಿ, ಬೊಗಳಲು ಯಾರೂ ಇಲ್ಲದೆ, ಪೆಚ್ಚಾಗಿ ವಾಪಸು ಬರುತ್ತಿದ್ದ. ಯಶೋದ ಎರಡು ಲೋಟ ಕಾಫಿ ಮಾಡಿ ಒಂದನ್ನು ಚೆಲ್ಲುವುದು ನಾಲ್ಕು ದಿನ ನಡೆಯಿತು. ಐದನೇ ದಿನ ಅವಳು ತನ್ನ ಮೇಲೆಯೇ ಕೋಪ ಮಾಡಿಕೊಂಡಳು.

ಮುಂದಿನ ಭಾನುವಾರ ಅಪ್ಪನಿಗೆ ಫೋನ್ ಮಾಡಿದಳು. “ಅಪ್ಪಾ, ಹುಲಿಕುಂಟೆಯವರು ಒಬ್ಬರಿದ್ದಾರೆ. ಭೀಮರಾಜು ಅಂತ. ನಂಗೆ ಇಷ್ಟ. ಕುರಿ ಮೇಯಿಸ್ತಾರೆ.” ಆ ಕಡೆಯಿಂದ ಕಾಲ್ ಕಟ್ ಆಯಿತು. ಒಂದು ವಾರ ಅಪ್ಪನ ಫೋನ್ ಬರಲಿಲ್ಲ. ಅವಳು ಮಾಡಿದರೆ ಅವರು ಎತ್ತಲೂ ಇಲ್ಲ.

ಇಪ್ಪತ್ತೆಂಟನೇ ದಿನ ಅವಳೊಬ್ಬಳೇ ಸಿರಾಗೆ ಹೋದಳು. ಆಸ್ಪತ್ರೆಯ ಗೇಟು ದಾಟಿದ್ದೇ ಅವಳ ಕಾಲು ನಿಂತುಹೋಯಿತು. ಬೇವಿನ ಮರದ ಕೆಳಗೆ ಇಬ್ಬರು ಗಂಡಸರು ಕುಕ್ಕರಗಾಲಿನಲ್ಲಿ ಕುಳಿತಿದ್ದರು. ಒಬ್ಬ ಭೀಮರಾಜು. ಇನ್ನೊಬ್ಬರು ಅಪ್ಪ!

“ಅಪ್ಪಾ, ನೀವಿಲ್ಲಿ?”

ಬೋರಣ್ಣ ಎದ್ದರು. ಅವರ ಪಂಚೆಯ ಅಂಚಿಗೆ ಮುಳ್ಳುಬೀಜ ಮೆತ್ತಿತ್ತು. ಹತ್ತಿರ ಬಂದಾಗ ಎಂಟು ವರ್ಷದ ಹಿಂದಿನ ವಾಸನೆ ಗಪ್ಪನೆ ಅವಳ ಮೂಗಿಗೆ ಬಡಿಯಿತು.

“ಬೈದು ಬರಾನ ಅಂತ ಮೊನ್ನೆ ಹುಲಿಕುಂಟೆಗೆ ಹೋದೆ ಬಿಡ್ಡಾ” ಎಂದರು. “ಹೋಗಿ ನೋಡಿದ್ರೆ ಇವನ ಕುರಿ ಆರೇಳು ಕುಂಟ್ತಾ ಅದಾವೆ. ಮಳೆ ನೀರಲ್ಲಿ ನಿಂತು ಗೊರಸು ಕೊಳೆತದೆ. ಇವನಿಗೆ ಗೊರಸು ಕೆತ್ತಾಕೇ ಬರಲ್ಲ! ಎರಡು ದಿನ ಕುಂತು ಕೆತ್ತಿ, ಮದ್ದು ಹಾಕಿದೀನಿ. ವಾಸಿ ಆಗೋಗಂಟ ಅಲ್ಲೇ ಇರ್ತೀನಿ.”

“ಮತ್ತೆ... ನಾನು ಹೇಳಿದ ಮಾತು?”

ಬೋರಣ್ಣ ದೂರ ನೋಡಿದರು. “ನಿನ್ನೆ ಒಂದು ಕುರಿ ಈಯ್ತು. ಮರೀನ ನನ್ನ ಮಡಿಲಿಗೇ ಹಾಕಿಸ್ಕಂಡೆ. ಇನ್ನೇನು ಹೇಳ್ಲಿ ನಾನು? ಇವನ ಅಮ್ಮ ಚಿಕ್ಕಹನುಮಕ್ಕನ ಹತ್ರ ಮದುವೆ ಮಾತಾಡಿದೀನಿ. ನೀನು ಪುಸ್ತಕದ ಕೆಲಸ ಮಾತ್ರ ಬಿಡಬ್ಯಾಡ.” ಟವಲ್ಲನ್ನು ಹೆಗಲಿಗೆ ಎಸೆದುಕೊಂಡು, ಟೀ ಕುಡಿಯುವ ನೆಪ ಹೇಳಿ ಗೇಟಿನ ಕಡೆ ನಡೆದುಬಿಟ್ಟರು.

ಯಶೋದ ಗರ ಬಡಿದವಳಂತೆ ಬೆಂಚಿನ ಮೇಲೆ ಕುಳಿತಳು. ಒಂದು ಗೇಣು ಬಿಟ್ಟು ಭೀಮರಾಜು ಕುಳಿತ. ನರ್ಸ್ ಬಂದು ಇಬ್ಬರ ತೋಳಿಗೂ ಚುಚ್ಚಿ, ಕಾರ್ಡಿಗೆ ಕೊನೆಯ ಗುರುತು ಹಾಕಿದಳು.

“ಮುಗೀತು. ಇನ್ನು ಬರೋದು ಬೇಡ.”

ಭೀಮರಾಜು ಕಾರ್ಡು ನೋಡಿದ. “ಇನ್ನೂ ಕೋಪನಾ ಮೇಡಂ? ಇಪ್ಪತ್ತು ದಿನಕ್ಕೆ ಹತ್ರ ಬಂತು, ಒಂದು ಮಾತೂ ಇಲ್ಲ.”

“ನಾಳೆ ಹುಲಿಕುಂಟೆಗೆ ಬರ್ತೀನಿ” ಎಂದಳು ಯಶೋದ. “ಅಪ್ಪನಿಗೆ ಬುತ್ತಿ ತಗೊಂಡು.”

“ಅಪ್ಪಾರಿಗೆ ಮಾತ್ರನಾ?”

ಅವಳು ತೋಳಿನ ಮೇಲಿನ ಹತ್ತಿಯನ್ನು ಒತ್ತಿ ಹಿಡಿದುಕೊಂಡೇ ಅವನ ಕಡೆ ತಿರುಗಿದಳು. ಅವನ ಕಣ್ಣು ತನ್ನ ಮುಖದಲ್ಲಿ ಏನೋ ಹುಡುಕುತ್ತಿರುವುದು ಕಂಡು ಅವಳಿಗೆ ನಗು ಬಂತು.

“ನಿಂಗೂ ತರ್ತೀನಿ ಕಣೋ.”

ನರ್ಸ್ ಮುಂದಿನವರ ಹೆಸರು ಎರಡು ಸಲ ಕೂಗಿದಳು. ಬೆಂಚು ಬಿಟ್ಟುಕೊಡಬೇಕೆಂಬುದು ಇಬ್ಬರಿಗೂ ಹೊಳೆಯಲಿಲ್ಲ.