ಎರಡು ಹೆರಳಿನ ಕವರು

"ಹಂಗಲ್ರಿ ಕಾಕಾ, ಬಲಗೈಲೆ ಅಲ್ಲ! ಎಡಗೈಲೆ ತಗೀರಿ!" ಎಂದಳು ಮನೀಷಾ.

ಬಾಳಾಸಾಬ ಕಾಕಾ ಸೊಂಟದ ಮೇಲೆ ಕೈಯಿಟ್ಟುಕೊಂಡೇ ನಿಂತರು. "ಎಡಗೈಲೆ ಯಾಕವಾ? ಇಪ್ಪತ್ತೆರಡು ವರ್ಷ ಮಿಲ್ಟ್ರಿಯೊಳಗ ಬಲಗೈಲೇನ ತಗದೇನಿ."

ಅವರ ಬೆಲ್ಟಿಗೆ ಹೊಸ ಚರ್ಮದ ಕವರು ತೂಗುತ್ತಿತ್ತು. ಅದರೊಳಗೆ ಕಟ್ಟಿಗೆಯ ಪಿಸ್ತೂಲು. ಹಿಂದಕ್ಕೆ ಇರಬೇಕಾದ ಹಿಡಿಕೆ ಮುಂದೆ ಹೊಟ್ಟೆಯ ಕಡೆ ತಿರುಗಿಕೊಂಡಿತ್ತು.

ಮೆಟ್ಟಿಲ ಮೇಲೆ ಕೂತಿದ್ದ ಅಮಿತ ಕಿಸಕ್ಕನೆ ನಕ್ಕ. ಅವನು ಮನೀಷಾಳ ಕ್ಲಾಸಿನವನು, ಚಪ್ಪಲಿ ಅಳತೆ ಕೊಡಲು ಬಂದಿದ್ದ. ಮನೀಷಾ ಅವನ ಒಂದೇ ಪಾದವನ್ನು ಕಾಗದದ ಮೇಲಿಡಿಸಿ, ಸುತ್ತ ಪೆನ್ಸಿಲ್ ಎಳೆದು, "ಸಾಕು ಬಿಡು, ಎರಡೂ ಒಂದ ಇರ್ತಾವು" ಎಂದಿದ್ದಳು.

"ಉಲ್ಟಾ ಹೊಲದಾಳ್ರಿ ಕಾಕಾ!" ಎಂದ ಅಮಿತ.

"ಸುಮ್ನ ಕುಂದರಲೇ!" ಎಂದಳು ಮನೀಷಾ. ಆದರೆ ಅವಳ ಕಿವಿ ಬಿಸಿಯಾಗಿತ್ತು.

ಅಥಣಿಯ ಆ ಓಣಿಯಲ್ಲಿ ಎಲ್ಲರೂ ಚಪ್ಪಲಿ ಹೊಲಿಯುವವರೇ. ಪಿಸ್ತೂಲಿನ ಕವರು ಕೇಳಿಕೊಂಡು ಬಂದವರು ಐಗಳಿಯ ಬಾಳಾಸಾಬ ಕಾಕಾ ಒಬ್ಬರೇ. ಸೋಮವಾರದಿಂದ ಅವರಿಗೆ ಬ್ಯಾಂಕಿನಲ್ಲಿ ಗಾರ್ಡ್ ಕೆಲಸ. ಹಳೆಯ ಕವರು ಹರಿದುಹೋಗಿತ್ತು. "ಖರೇ ಪಿಸ್ತೂಲ್ ಯಾರ ಕೈಯಾಗೂ ಬಿಡಂಗಿಲ್ಲ" ಎಂದು, ಬಡಿಗರ ಕಡೆಯಿಂದ ಅದೇ ಅಳತೆಯ ಕಟ್ಟಿಗೆಯದೊಂದು ಮಾಡಿಸಿ ತಂದುಕೊಟ್ಟಿದ್ದರು.

ಮನೀಷಾಳ ಅಜ್ಜಿ ಸೋನಾಬಾಯಿ, ಎಲ್ಲರ ಬಾಯಲ್ಲೂ ಆಯಿ, ಚರ್ಮ ನೆನೆಸಿ, ಆ ಕಟ್ಟಿಗೆಯ ಸುತ್ತ ಮಡಚಿ, ಬೆರಳಿನಿಂದ ಒತ್ತಿ ಒತ್ತಿ ಕೂರಿಸಿದ್ದಳು. ಎರಡು ದಿನ ನೆರಳಿನಲ್ಲಿ ಒಣಗಿದ ಮೇಲೆ ಚರ್ಮಕ್ಕೆ ಪಿಸ್ತೂಲಿನದೇ ಆಕಾರ ಬಂದಿತ್ತು. ಅಂಚು ಇಬ್ಬರೂ ಕೂಡಿ ಹೊಲಿದರು. ಉಳಿದದ್ದು ಹಿಂದೆ ಬೆಲ್ಟ್ ತೂರಿಸುವ ಪಟ್ಟಿ.

"ಅದನ್ನ ನೀನ ಹೊಲಿ" ಎಂದು ಆಯಿ ಮುಂಜಾನೆ ಹಾರೂಗೇರಿಗೆ ಚಪ್ಪಲಿ ಕೊಡಲು ಹೋಗಿದ್ದಳು. ಮೊದಲ ಸಲ ಹಾಗೆ ಹೇಳಿದ್ದಳು! ಶಾಲೆಯಿಂದ ಬಂದವಳೇ ಮನೀಷಾ ಊಟ ಮರೆತು ಕೂತು ಹೊಲಿದಿದ್ದಳು.

ಆಯಿ ಬಸ್ಸಿಳಿದು ಬಂದಾಗ ಮೂವರೂ ಅಂಗಳದಲ್ಲೇ ಇದ್ದರು. ಅವಳು ಕವರನ್ನು ತಿರುಗಿಸಿ ನೋಡಿದಳು.

"ಯಾರ ಸೊಂಟಕ್ಕ ಕಟ್ಟಿ ನೋಡಿದಿ?"

"ನನ್ನ ಸೊಂಟಕ್ಕ."

"ಯಾವ ಕೈಲೆ ತಗದಿ?"

ಮನೀಷಾ ಎಡಗೈ ಎತ್ತಿದಳು. ಬರೆಯುವ ಕೈ, ಚೆಂಡು ಎಸೆಯುವ ಕೈ. ಅವಳಿಗೆ ಎಲ್ಲಾ ಅದೇ.

"ಪಟ್ಟಿ ಬಿಚ್ಚಿ ಆ ಕಡೆ ಹೊಲಿತೀನಿ ಆಯಿ, ಈಗ..."

"ಬಿಚ್ಚು. ಆದ್ರ ತೂತು? ಚರ್ಮಕ್ಕ ತೂತು ಬಿದ್ದರ ಬಿತ್ತು, ಮುಚ್ಚಂಗಿಲ್ಲ."

ನಿಜ. ಪಟ್ಟಿ ಬಿಚ್ಚಿದ ಜಾಗದಲ್ಲಿ, ಇನ್ನು ಮುಂದೆ ಎಲ್ಲರಿಗೂ ಕಾಣುವ ಬದಿಯಲ್ಲಿ, ಮೇಲೊಂದು ಕೆಳಗೊಂದು ತೂತಿನ ಸಾಲು ಕಣ್ಣು ಬಿಟ್ಟುಕೊಂಡು ನೋಡಿದವು. ಬಾಳಾಸಾಬ ಕಾಕಾ ಗಡಿಯಾರ ನೋಡಿದರು. "ಐದರ ಬಸ್ಸಿಗೆ ಹೋಗಬೇಕ್ರಿ. ತೂತಿದ್ರ ಇರ್ಲಿ ಬಿಡ್ರಿ."

"ನಮ್ಮ ಮನ್ಯಾಗಿಂದ ತೂತಿನ ಮಾಲು ಹೋಗಂಗಿಲ್ಲ ಬಾಳಾಸಾಬ, ಕುಂದರ್ರಿ" ಎಂದಳು ಆಯಿ. ಮನೀಷಾಳ ಕಡೆ ನೋಡಿ ಕೇಳಿದಳು, "ಚಪ್ಪಲಿ ಮ್ಯಾಲ ಏನ್ ಹಾಕ್ತೀವಿ?"

ಮನೀಷಾ ಓಡಿಹೋಗಿ ಚಪ್ಪಲಿಗೆ ಹೆಣೆಯುವ ಚರ್ಮದ ಸಣ್ಣ ಎಳೆಗಳನ್ನು ತಂದಳು. ಮೂರು ಮೂರು ಎಳೆ ಹಿಡಿದು ಹೆಣೆದಳು. ಆಯಿ ಪಟ್ಟಿಯನ್ನು ಇನ್ನೊಂದು ಬದಿಗೆ ಹೊಲಿಯುವಷ್ಟರಲ್ಲಿ ಎರಡು ಹೆಣಿಗೆ ತಯಾರಾದವು. ಮನೀಷಾ ಅವನ್ನು ಅದೇ ತೂತುಗಳಲ್ಲಿ ಸೂಜಿ ತೂರಿಸಿ ಹೊಲಿದಳು. ಒಂದು ತೂತೂ ಉಳಿಯಲಿಲ್ಲ.

"ಮನೀಷಾನ ಗತೆ ಎರಡು ಹೆರಳು! ರಿಬ್ಬನ್ ಒಂದ ಕಮ್ಮಿ!" ಎಂದ ಅಮಿತ.

"ಬ್ಯಾಂಕಿನ್ಯಾಗ ಮಂದಿ ಕೇಳ್ತಾರ್ರಿ, ಪಿಸ್ತೂಲಿನ ಲಗ್ನ ಯಾವಾಗಂತ" ಎಂದು ಬಾಳಾಸಾಬ ಕಾಕಾ ಮೀಸೆಯಲ್ಲೇ ನಕ್ಕರು.

ಅವರು ಕವರನ್ನು ಬೆಲ್ಟಿಗೆ ಹಾಕಿಕೊಳ್ಳುವ ಮೊದಲು ಮನೀಷಾ ಅಡ್ಡ ನಿಂತಳು. "ಕಾಕಾ, ಒಮ್ಮೆ ಕೈ ಬಿಟ್ಟು ನಿಂದರ್ರಿ." ಅವರು ನಿಂತರು. ಬಲಗೈ ಎಲ್ಲಿಗೆ ಬರುತ್ತದೆ ಎಂದು ಅವಳು ಬಗ್ಗಿ ನೋಡಿದಳು. ಕವರನ್ನು ಬೆಲ್ಟಿಗೆ ತೂರಿಸಿ, ಎರಡು ಬೆರಳು ಹಿಂದಕ್ಕೆ ಸರಿಸಿದಳು. "ಈಗ ತಗೀರಿ."

ಕಟ್ಟಿಗೆಯ ಪಿಸ್ತೂಲು ಸರ್ರನೆ ಕೈಗೆ ಬಂತು. "ಹಾಂ! ಬರೋಬರ್!" ಎಂದರು ಕಾಕಾ. ಐದಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಅವರು ಬೇಗ ಬೇಗ ಬಸ್ ಸ್ಟ್ಯಾಂಡಿನ ಕಡೆ ನಡೆದರು.

ಅಮಿತನೂ ಎದ್ದು ಶೂ ಹಾಕಿಕೊಳ್ಳತೊಡಗಿದ.

"ಏ, ತಡಿ. ಇನ್ನೊಂದ್ ಕಾಲು ಇಡು."

"ಎರಡೂ ಒಂದ ಇರ್ತಾವಂದಿ?"

"ಇಡಲೇ."

ಅವಳು ಹೊಸ ಕಾಗದ ಹಾಸಿ, ಪಾದದ ಸುತ್ತ ನಿಧಾನವಾಗಿ ಪೆನ್ಸಿಲ್ ಎಳೆದಳು. ಒಂದು ಕಾಗದವನ್ನು ಮಗುಚಿ ಇನ್ನೊಂದರ ಮೇಲಿಟ್ಟು ಬೆಳಕಿಗೆ ಹಿಡಿದಳು. ಒಂದು ಹೆಬ್ಬೆರಳು ಜೋಳದ ಕಾಳಿನಷ್ಟು ಮುಂದೆ ಹೋಗಿತ್ತು.

ಮನೀಷಾ ಒಂದರ ಮೇಲೆ 'ಅಮಿತ, ಎಡ' ಎಂದು ಬರೆದಳು. ಇನ್ನೊಂದರ ಮೇಲೆ 'ಅಮಿತ, ಬಲ'.