ಸಂತೆಮಂಟಪದ ಜಗಲಿ

ಹೋದ ನವೆಂಬರಿನಲ್ಲಿ ನಾನು ಅರಕಲಗೂಡಿನಿಂದ ಇಂಗ್ಲೆಂಡಿಗೆ, ನರ್ಸ್ ಆಗಿರುವ ತಂಗಿ ದಿವ್ಯಾಳ ಮನೆಗೆ ಹೋಗಿದ್ದೆ. ಅವಳಿರುವುದು ಏಳುನೂರು ವರ್ಷಗಳಿಂದ ಸಂತೆ ನಡೆಯುವ ಹಳೆಯ ಊರು.

ಒಂದು ಸಂಜೆ ಅವಳು ಬ್ರೆಡ್ ತರಲು ಹೋದಾಗ ಕಲ್ಲುಕಂಬಗಳ ಸಂತೆಮಂಟಪದಲ್ಲಿ ನಿಂತಿದ್ದೆ. ಸಂತೆ ಮುಗಿದಿತ್ತು. ಖಾಲಿ ಬುಟ್ಟಿ ಇಟ್ಟುಕೊಂಡು ಒಬ್ಬ ಮುದುಕಿ ಮಾತ್ರ ಜಗಲಿಯ ಮೇಲೆ ಕೂತಿದ್ದಳು. ಆ ಚಳಿಗೆ ನನ್ನ ಉಸಿರು ಹಬೆಯಾಗುತ್ತಿತ್ತು, ಅವಳದು ಆಗುತ್ತಿರಲಿಲ್ಲ.

ಹೆದರಿ ಹೊರಟೆ. ಹೊರಡುವಾಗ ಬರೀ ‘ಹೋಗ್ತೀನಿ’ ಅನ್ನುವುದು ನಮ್ಮಲ್ಲಿ ಅಶುಭ. ಅಭ್ಯಾಸಬಲದಿಂದ, “ಹೋಗ್ ಬತ್ತೀನಮ್ಮ” ಎಂದುಬಿಟ್ಟೆ.

ಅವಳು ತಲೆಯಾಡಿಸಿ, ಸ್ವಲ್ಪ ಸರಿದು, ಪಕ್ಕದ ಕಲ್ಲನ್ನು ಕೈಯಿಂದ ಒರೆಸಿ ಜಾಗ ಮಾಡಿದಳು.

“ಯಾರ್ ಹತ್ರ ಮಾತಾಡ್ತಿದ್ದೀಯೇ ಅಕ್ಕ? ಕಂಬಕ್ಕೂ ನಮ್ಮೂರ್ ಪುರಾಣನಾ?” ದಿವ್ಯಾ ನಗುತ್ತ ಬಂದಳು.

ತಿರುಗಿದರೆ ಯಾರೂ ಇಲ್ಲ. ಜಗಲಿ ಪೂರ್ತಿ ಮಂಜಿನಿಂದ ಒದ್ದೆಯಾಗಿತ್ತು. ಅವಳು ಕೈಯಿಂದ ಒರೆಸಿದ, ಒಬ್ಬರು ಕೂರುವಷ್ಟು ಜಾಗ ಮಾತ್ರ ಒಣಗಿತ್ತು.

ಊರಿಗೆ ಮರಳಿ ಆರು ತಿಂಗಳಾಯಿತು. ವೀಸಾ ಮುಗಿದಿದೆ, ಮತ್ತೆ ಅಲ್ಲಿಗೆ ಹೋಗಬೇಕಾಗಿಲ್ಲ ಎಂದುಕೊಂಡರೆ ಜೀವ ನಿರಾಳವಾಗುತ್ತದೆ. ದಿವ್ಯಾ ಮಾತ್ರ ದಿನಾ ಆ ಮಂಟಪದೊಳಗಿಂದಲೇ ಡ್ಯೂಟಿಗೆ ಹೋಗುತ್ತಾಳೆ. ಫೋನ್ ಮಾಡಿದಾಗಲೆಲ್ಲ ನಗುತ್ತಲೇ ಇರುತ್ತಾಳೆ. ಅವಳಿಗೆ ಇದುವರೆಗೆ ಏನೂ ಕಂಡಿಲ್ಲ. ಅವಳಿಗಾಗಲಿ ಮನೆಯವರಿಗಾಗಲಿ ನಾನು ಇದನ್ನು ಹೇಳುವುದಿಲ್ಲ.