ಹತ್ತು ನಳಿಗೆ ಬಂದೂಕಿನ ಹಿಡಿ

"ಬೇಗ ಬನ್ನಿ ಮೇಡಂ, ಮಾನ ಹೋಗುತ್ತೆ!"

ನಾನಿನ್ನೂ ಹಲ್ಲುಜ್ಜಿರಲಿಲ್ಲ, ಸಂಗ್ರಹಾಲಯದ ಮೇಲ್ವಿಚಾರಕರು ಬಾಗಿಲು ಬಡಿದರು. ಚಿಕ್ಕಮ್ಮನ ಪತ್ತೇದಾರಿಕೆ ಊರಿಗೇ ಗೊತ್ತು. ಆಕೆಯ ಹಿಂದೆ ಅರೆನಿದ್ದೆಯಲ್ಲಿ ಅಲೆಯುವ ಕರ್ಮ ಮಾತ್ರ ನನ್ನದು.

ಮಂಜಿನಲ್ಲಿ ಬೀದಿಯೇ ಕರಗಿಹೋದಂತಿತ್ತು. ಸಂಗ್ರಹಾಲಯದ ಎತ್ತರದ ಕಿಟಕಿಗಳಿಂದ ಬೂದು ಬೆಳಕು ಮೆಲ್ಲನೆ ಇಳಿಯುತ್ತಿತ್ತು. ಅದರಲ್ಲಿ ಎರಡು ಹಳೆಯ ಬಂದೂಕುಗಳು ಚಕ್ರದ ಗಾಡಿಗಳ ಮೇಲೆ ನಿದ್ದೆಹೋದಂತೆ ನಿಂತಿದ್ದವು. ಒಂದೊಂದಕ್ಕೂ ಹತ್ತು ನಳಿಗೆ. ಹಿಡಿ ತಿರುಗಿಸಿದಷ್ಟೂ ಗುಂಡು ಸುರಿಸುತ್ತಿದ್ದ ಕಾಲದವು. ಒಂದರ ಹಿಡಿಯೇ ಇರಲಿಲ್ಲ.

"ಇವತ್ತು ಸಮಾರಂಭ. ಆ ಬೆಂಚಲ್ಲಿ ಕೂತಿರೋ ಮಾಜಿ ಸೈನಿಕ ತಾತ, ಗುಂಡಿಲ್ಲದೆ ಇದನ್ನ ತಿರುಗಿಸಿ ತೋರಿಸಬೇಕಿತ್ತು," ಎಂದರು ಮೇಲ್ವಿಚಾರಕರು. "ಎಂಥಾ ಯಂತ್ರ ಮೇಡಂ! ಒಬ್ಬನೇ ನೂರು ಜನರ ಕೆಲಸ ಮಾಡಿದ್ರೆ ಸೈನ್ಯ ಚಿಕ್ಕದಾಗುತ್ತೆ, ಸಾಯೋರೂ ಕಡಿಮೆಯಾಗ್ತಾರೆ ಅಂತ ಆಗ ನಂಬಿದ್ರು."

"ಕಡಿಮೆಯಾದ್ರಾ?" ಎಂದಳು ಚಿಕ್ಕಮ್ಮ.

ಅವರು ಕೆಮ್ಮಿ, ಕಸ ಗುಡಿಸುವಾಕೆಯತ್ತ ಕೈ ತೋರಿಸಿದರು. "ರಾತ್ರಿ ಹಿಡಿ ಇತ್ತು. ಬೆಳಿಗ್ಗೆ ಬಾಗಿಲು ತೆಗೆದವಳು ಇವಳು, ಆಮೇಲೆ ನನ್ನ ಬಿಟ್ಟು ಯಾರೂ ಹೊರಗೆ ಹೋಗಿಲ್ಲ. ಕೈಯೆಲ್ಲ ಎಣ್ಣೆ. ಹಿಡಿ ಕೊಡದಿದ್ರೆ ಪೊಲೀಸರಿಗೆ ಒಪ್ಪಿಸ್ತೀನಿ."

"ದಿನಾ ಬಂದೂಕು ಒರೆಸೋ ಕೈ ಸ್ವಾಮಿ, ಅತ್ತರು ಇರುತ್ತಾ?" ಎಂದಳಾಕೆ. ಮಾತು ಜೋರಾಗಿತ್ತು, ಪೊರಕೆಯನ್ನು ಮಾತ್ರ ಎದೆಗೆ ಅವುಚಿಕೊಂಡಿದ್ದಳು. ನನಗೆ ಅಯ್ಯೋ ಅನಿಸಿತು.

ತಾತ ಬೆಂಚಿನಲ್ಲಿ ಮುದುಡಿ ಕೂತಿದ್ದರು. ಯುದ್ಧದಲ್ಲಿ ಇದೇ ಬಂದೂಕು ತಿರುಗಿಸಿ ಪದಕ ಗೆದ್ದವರು. ದಿನವೂ ಗುಡಿಸುವಾಕೆಯ ಜೊತೆಗೇ ಒಳಬಂದು ಅಲ್ಲೇ ಕೂರುವರು. ಆಕೆ ಕಾಫಿ ಕೊಟ್ಟಳು. ಅವರು ಎಡಗೈಯಲ್ಲಿ ತೆಗೆದುಕೊಂಡು ಅರ್ಧ ಕಾಫಿಯನ್ನು ಕೋಟಿನ ಮೇಲೆ ಚೆಲ್ಲಿಕೊಂಡರು. ಪಾಪ, ವಯಸ್ಸು ಅಂದುಕೊಂಡೆ.

ಚಿಕ್ಕಮ್ಮ ಸ್ಪ್ಯಾನರ್ ತರಿಸಿದಳು. "ಇನ್ನೊಂದರ ಹಿಡಿ ಬಿಚ್ಚಿ ನೋಡೋಣ."

ಮೇಲ್ವಿಚಾರಕರು ಉಸಿರು ಕಟ್ಟಿ ಎಳೆದರು. ಸ್ಪ್ಯಾನರ್ ಜಾರಿ ಹಿತ್ತಾಳೆ ಗೀರಿತು. ಗುಡಿಸುವಾಕೆಯೂ ಅದೇ ಕಡೆ ಎಳೆದು ಇನ್ನೊಂದು ಗೀರು ಹಾಕಿದಳು. ಚಿಕ್ಕಮ್ಮ ಎದುರು ದಿಕ್ಕಿಗೆ ತಿರುಗಿಸಿದಳು, ಸಲೀಸಾಗಿ ಬಂತು.

"ಇದು ಉಲ್ಟಾ ತಿರುಪು. ಗುಂಡು ಹಾರಿಸುವಾಗ ಹಿಡಿ ಸಡಿಲವಾಗಬಾರದಲ್ಲ? ಗೊತ್ತಿಲ್ಲದವರು ಗೀರದೆ ಬಿಡೋದಿಲ್ಲ. ಹಿಡಿ ಕಳೆದಿರೋ ಬಂದೂಕಲ್ಲಿ ಒಂದು ಗೀರೂ ಇಲ್ಲ. ಬಿಚ್ಚಿದವರು ಇದರ ಜೊತೆ ಬಾಳಿದವರು. ಯಾರೂ ಹೊರಗೆ ಹೋಗಿಲ್ಲ. ಅಲ್ಲದೆ ಒಬ್ಬರಿಗೆ ಇವತ್ತು ಬಲಗೈ ಮಡಚೋಕೆ ಆಗ್ತಿಲ್ಲ." ಆಕೆ ಬೆಂಚಿನ ಬಳಿ ಮಂಡಿಯೂರಿದಳು. "ತೋಳೊಳಗೆ ಒತ್ತುತ್ತಾ ಇರಬೇಕು. ಕೊಡಿ ತಾತ."

ತಾತ ಕೋಟಿನ ತೋಳಿನಿಂದ ಹಿಡಿಯನ್ನು ಹೊರಗೆಳೆದರು.

"ಬೇರೆ ಬಂದೂಕು ಹೆಗಲಿಗೆ ಒದ್ದು, ಕೊಂದೆ ಅಂತ ತಿಳಿಸುತ್ತಮ್ಮ. ಇದು ಒದೆಯೋದಿಲ್ಲ. ಹೊಲಿಗೆ ಯಂತ್ರ ತಿರುಗಿಸಿದ ಹಾಗೆ. ಹೊಗೆಯಲ್ಲಿ ಏನೂ ಕಾಣ್ತಿರಲಿಲ್ಲ, ತಿರುಗಿಸ್ತಾನೇ ಇದ್ದೆ. ಹೊಗೆ ಕರಗಿದ ಮೇಲೆ ಗೊತ್ತಾಯ್ತು, ಅವರು ಕೈ ಎತ್ತಿಕೊಂಡು ಶರಣಾಗೋಕೆ ಬಂದಿದ್ದರು. ಅದಕ್ಕೇ ನನಗೆ ಪದಕ. ಈಗ ಮತ್ತೆ ತಿರುಗಿಸು, ಚಪ್ಪಾಳೆ ತಟ್ಟುತ್ತೀವಿ ಅಂದ್ರೆ..." ಗುಡಿಸುವಾಕೆಯತ್ತ ನೋಡಿದರು. "ನಿನ್ನ ತಲೆಗೆ ಬಂದಾಗಲೂ ಬಾಯಿಬಿಡೋ ಧೈರ್ಯ ಬರಲಿಲ್ಲ ಮಗಳೇ. ವೀರನಂತೆ ನಾನು!"

"ಒಂದು ಮಾತು ಹೇಳಿದ್ರೆ ನಾನೇ ಬಚ್ಚಿಡ್ತಿದ್ನಲ್ಲ ತಾತ!" ಆಕೆ ಬೈಯುತ್ತಲೇ ಅತ್ತಳು.

ಹೊರಗೆ ಅತಿಥಿಗಳ ಗಾಡಿಗಳು ನಿಂತ ಸದ್ದಾಯಿತು.

"ಜನಕ್ಕೆ ಏನು ಹೇಳಲಿ?" ಎಂದರು ಮೇಲ್ವಿಚಾರಕರು, ಬಾಗಿಲತ್ತ ನೋಡುತ್ತಾ.

ತಾತ ಗುಡಿಸುವಾಕೆಯ ಭುಜ ಹಿಡಿದು ಎದ್ದರು. "ನೀವು ಸುಮ್ಮನಿರಿ. ಅವರು ಕೈ ಎತ್ತಿದ್ದರು ಅಂತ ನಾನೇ ಹೇಳ್ತೀನಿ."